ಅಗಲ ಐತೆ, ಎತ್ತರ ಎಲ್ಲೋಯ್ತು?

ಹೊಸದುರ್ಗದಲ್ಲಿರುವ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿದ್ದ. "ಅಣ್ಣ, ಗೇಮ್ ಆಡೋಕೆ, ಪಿಚ್ಚರ್ ನೋಡೋಕೆ ಒಂದು ಮಾನಿಟರ್ ತಗೋಬೇಕು. 29 ಇಂಚಿನ ಅಲ್ಟ್ರಾವೈಡ್ ಆಫರ್‌ನಲ್ಲಿ ಐತೆ. ತಗೊಂಡುಬಿಡ್ಲಾ?" ಅಂತ. ನಮ್ಮ ಕಡೆ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಪ್ರಿಂಟರ್‌ನಿಂದ ಹಿಡಿದು ಬೋರ್‌ವೆಲ್ ಸ್ಟಾರ್ಟರ್‌ವರೆಗೆ ಎಲ್ಲ ಗೊತ್ತಿರಬೇಕು. ಆದರೆ ಈ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ನನಗೆ ನಿಜವಾಗಿಯೂ ಇದೆ. ಯಾಕಂದರೆ ದುಡ್ಡು ಕೊಟ್ಟು ಕಲಿತಿದ್ದೇನೆ.

ಮನೆಯಿಂದಲೇ ಕೆಲಸ ಅಂತಾದಾಗ ನಾನು 34 ಇಂಚಿನ, ಬಾಗಿದ ಪರದೆಯ ಅಲ್ಟ್ರಾವೈಡ್ ಕೊಂಡು, ಬೆಂಗಳೂರಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಹಿರಿಯೂರು ದಾಟಿಸಿ ಹೊಳಲ್ಕೆರೆ ಕಡೆಯ ನಮ್ಮೂರಿಗೆ ತಂದಿದ್ದೆ. ಮೇಜಿನ ಮೇಲೆ ಇಟ್ಟು ಆನ್ ಮಾಡಿದೆ. ಅಡಿಕೆ ಸುಲಿಯುವವರ ಲೆಕ್ಕ ಬರೆಯುತ್ತಿದ್ದ ಅಪ್ಪ ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು. "ಅಗಲ ಏನೋ ಐತೆ ಕಣಪ್ಪ. ಎತ್ತರ ಎಲ್ಲೋಯ್ತು?" ಅಂದರು.

ಆಗ ನಕ್ಕಿದ್ದೆ. ಆಮೇಲೆ ಟೇಪು ಹಿಡಿದು ಅಳೆದೆ.

ಮಾನಿಟರನ್ನು ಮಾರುವುದು ಕರ್ಣದ ಲೆಕ್ಕದಲ್ಲಿ. ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಎಷ್ಟು ಇಂಚು ಅನ್ನುವುದು. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯ ಉರು ಹೊಡೆದವರೆಲ್ಲ ಇಲ್ಲಿ ಅದನ್ನು ಉಪಯೋಗಿಸಬಹುದು. 24 ಇಂಚಿನ ಮಾಮೂಲಿ 16:9 ಮಾನಿಟರ್‌ನ ಎತ್ತರ 11.8 ಇಂಚು. ನಮ್ಮ ಹುಡುಗ ಆಸೆಪಟ್ಟ 29 ಇಂಚಿನ 21:9 ಮಾನಿಟರ್‌ನ ಎತ್ತರ 11.3 ಇಂಚು. ಹೆಸರಿನಲ್ಲಿ ಐದು ಇಂಚು ಜಾಸ್ತಿ, ಎತ್ತರದಲ್ಲಿ ಅರ್ಧ ಇಂಚು ಕಮ್ಮಿ. ಇನ್ನೂ ಹಿಂದಕ್ಕೆ ಹೋದರೆ, ಆಫೀಸು, ಬ್ಯಾಂಕುಗಳಲ್ಲಿ ಇರುತ್ತಿದ್ದ 19 ಇಂಚಿನ ಚೌಕ ಮಾನಿಟರ್‌ಗಳು (5:4) 11.9 ಇಂಚು ಎತ್ತರ ಇದ್ದವು. ನಾವು ಗುಜರಿಗೆ ಹಾಕಿದ ಮಾನಿಟರ್ ಈಗಿನ 24 ಇಂಚಿಗೆ ಎತ್ತರದಲ್ಲಿ ಸರಿಸಮ! ಇಂಚು ಬೆಳೆದದ್ದೆಲ್ಲ ಅಡ್ಡಡ್ಡ.

ನನ್ನ 34 ಇಂಚಿನದು 13.1 ಇಂಚು ಎತ್ತರ, 31.4 ಇಂಚು ಅಗಲ. 27 ಇಂಚಿನ ಮಾಮೂಲಿ ಮಾನಿಟರ್ 13.2 ಇಂಚು ಎತ್ತರ, 23.5 ಇಂಚು ಅಗಲ. ಎತ್ತರದಲ್ಲಿ ಎರಡೂ ಒಂದೇ. ಹಾಗಾದರೆ ನಾನು ಹೆಚ್ಚಿಗೆ ಕೊಟ್ಟ ದುಡ್ಡಿಗೆ ಬಂದದ್ದು ಪಕ್ಕದಲ್ಲಿ ಎಂಟು ಇಂಚು ಜಾಗ. ಆ ಎಂಟು ಇಂಚಿನಲ್ಲಿ ಏನು ತುಂಬುತ್ತೇನೆ ಅನ್ನುವುದೇ ಪ್ರಶ್ನೆ. ವಿಮರ್ಶೆ ವಿಡಿಯೋಗಳಲ್ಲಿ ಇದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ.

ಮೊದಲು ಗೇಮ್ ವಿಷಯ. ಕಾರ್ ರೇಸ್, ವಿಮಾನ ಓಡಿಸುವ ಆಟಗಳಲ್ಲಿ ಅಗಲ ಪರದೆ ನಿಜಕ್ಕೂ ಮಜಾ. ಎಡ ಬಲ ಎರಡೂ ಕಡೆ ರಸ್ತೆ ಕಾಣುತ್ತೆ. ಆದರೆ ಎಲ್ಲಾ ಆಟವೂ ಹಾಗಲ್ಲ. 'ಎಲ್ಡನ್ ರಿಂಗ್' 16:9ಕ್ಕೇ ಬೀಗ ಹಾಕಿಕೊಂಡು ಪಕ್ಕಕ್ಕೆ ಕಪ್ಪು ಪಟ್ಟಿ ಬಿಡುತ್ತೆ. ಪ್ಲೇಸ್ಟೇಷನ್ 5 ಅಂತೂ 21:9 ಚಿತ್ರವನ್ನು ಕಳಿಸುವುದೇ ಇಲ್ಲ. ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡಿಗೆ ಬೀಳುವ ಹೊರೆ. ಫುಲ್ ಎಚ್‌ಡಿ ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 27 ಇಂಚಿನ 2560×1440ಕ್ಕೆ 36.9 ಲಕ್ಷ. ನನ್ನ 3440×1440ಕ್ಕೆ 49.5 ಲಕ್ಷ. ಒಂದು ಎಕರೆಗೆ ಇರೋ ಮೋಟರ್‌ನಲ್ಲಿ ಎರಡೂವರೆ ಎಕರೆಗೆ ನೀರು ಹಾಯಿಸಿದ ಹಾಗೆ. ಮೋಟರ್ ಬದಲಿಸದೆ ಜಮೀನು ಕೊಂಡರೆ ಬೆಳೆ ಒಣಗುತ್ತೆ, ಅಷ್ಟೇ.

ಇನ್ನು ವಿಡಿಯೋ. ಕ್ರಿಕೆಟ್, ಯೂಟ್ಯೂಬ್, ಸೀರಿಯಲ್ ಎಲ್ಲ ಹೆಚ್ಚಾಗಿ 16:9. ಅವು 34 ಇಂಚಿನ ಮೇಲೆ ಬಂದರೂ 27 ಇಂಚಿನ ಮೇಲೆ ಬಂದರೂ ಅದೇ ಗಾತ್ರ. ಉಳಿದ ಎಂಟು ಇಂಚು ಕಪ್ಪು. ಗೆಲ್ಲುವುದು ಸ್ಕೋಪ್ ಸಿನಿಮಾ ಬಂದಾಗ ಮಾತ್ರ. ಪರದೆ ಪೂರ್ತಿ ತುಂಬಿ, 27 ಇಂಚಿಗಿಂತ ಮುಕ್ಕಾಲು ಪಾಲು ಹೆಚ್ಚು ದೊಡ್ಡದಾಗಿ ಕಾಣುತ್ತೆ. ಅಲ್ಲೂ ಒಂದು ತಕರಾರಿದೆ. ಎಷ್ಟೋ ಸಿನಿಮಾಗಳನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿಯೇ 16:9 ಮಾಡಿ ಏರಿಸಿರುತ್ತಾರೆ. ಆಗ ನಾಲ್ಕೂ ಕಡೆ ಕಪ್ಪು, ನಡುವೆ ಅರ್ಧ ಪರದೆಗಿಂತ ತುಸು ಹೆಚ್ಚು ಸಿನಿಮಾ. ಇನ್ನು ಫೋನ್ ವಿಡಿಯೋ ಕಥೆ ಕೇಳಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಜಿಲ್ಲೆಯ ಅರ್ಧ ಜನ ಹಿರಿಯೂರು ದಾರಿ ಹಿಡಿದಿದ್ದರು. ನಮ್ಮ ಕಡೆ ಅದಕ್ಕಿಂತ ಅಗಲವಾದ ನೋಟ ಇನ್ನೊಂದಿಲ್ಲ. ಎಲ್ಲರೂ ಅದನ್ನು ಹಿಡಿದದ್ದು ಫೋನನ್ನು ಉದ್ದಕ್ಕೆ ನಿಲ್ಲಿಸಿಕೊಂಡು. ಆ ವಿಡಿಯೋ ನನ್ನ ಪರದೆಯ ಕಾಲು ಭಾಗವನ್ನೂ ತುಂಬಲಿಲ್ಲ.

ಇಷ್ಟೆಲ್ಲ ಸಹಿಸಿಕೊಂಡಿದ್ದೆ. ಮನಸ್ಸಿಗೆ ನಾಟಿದ್ದು ಅಪ್ಪ 'ನಾಗರಹಾವು' ಹಾಕು ಅಂದಾಗ.

ಚಿತ್ರದುರ್ಗ ಜಿಲ್ಲೆಯವರಿಗೆ ಆ ಸಿನಿಮಾ ಬರೀ ಸಿನಿಮಾ ಅಲ್ಲ. ಕಥೆ ನಮ್ಮ ತಳುಕಿನ ತ.ರಾ.ಸು. ಅವರ ಮೂರು ಕಾದಂಬರಿಗಳದ್ದು, ನಿರ್ದೇಶನ ಪುಟ್ಟಣ್ಣ ಕಣಗಾಲ್, ಹಿನ್ನೆಲೆ ನಮ್ಮ ಕೋಟೆ. ಬಿಡುಗಡೆ 1972ರ ಡಿಸೆಂಬರ್. ಅಪ್ಪ ಅದನ್ನು ದುರ್ಗದ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದವರು. ರಾಮಾಚಾರಿಯ ಸಿಟ್ಟು, ಚಾಮಯ್ಯ ಮೇಷ್ಟ್ರು, ಓಬವ್ವ ಎಲ್ಲ ಅವರಿಗೆ ಬಾಯಿಪಾಠ.

ಆ ಕಾಲದ ಮಾಮೂಲಿ 35 ಎಂಎಂ ಚೌಕಟ್ಟು ಹೆಚ್ಚು ಕಮ್ಮಿ ಚೌಕ. ಎತ್ತರ 1 ಆದರೆ ಅಗಲ 1.37. ಸ್ಕೋಪ್‌ನಲ್ಲಿ ಅಗಲ ಸುಮಾರು 2.39. ಹಾಲಿವುಡ್‌ನವರು 1953ರಲ್ಲಿ 'ದಿ ರೋಬ್' ಚಿತ್ರದಿಂದ ಸಿನಿಮಾಸ್ಕೋಪ್ ತಂದಿದ್ದೇ ಮನೆಯಲ್ಲಿ ಟಿ.ವಿ. ಮುಂದೆ ಕೂತ ಜನರನ್ನು ಥಿಯೇಟರಿಗೆ ಎಳೆಯಲು. ಕನ್ನಡದಲ್ಲಿ 1977ರ 'ಸೊಸೆ ತಂದ ಸೌಭಾಗ್ಯ' ಮೊದಲ ಸಿನಿಮಾಸ್ಕೋಪ್ ಚಿತ್ರ ಅಂತ ಹೆಸರಾಗಿದೆ. ಅಂದರೆ ಅಗಲ ಅನ್ನುವುದು ಒಂದು ಆಯ್ಕೆ. ಮೊದಲೇ ಅಗಲಕ್ಕೆ ಅಂತ ಯೋಚಿಸಿ ಕ್ಯಾಮೆರಾ ಇಟ್ಟರೆ ಅದರ ಸೊಗಸೇ ಬೇರೆ. ಆದರೆ ಅಗಲವಾಗಿದ್ದ ಮಾತ್ರಕ್ಕೆ ಅದು ಮೇಲು ಅಲ್ಲ.

ಅಪ್ಪನ ಮುಂದೆ ಸಿನಿಮಾ ಶುರುವಾಯಿತು. ನಡುವೆ ಹದಿನೆಂಟು ಇಂಚು ಚಿತ್ರ, ಆಚೆ ಈಚೆ ಕಪ್ಪು. ಅಷ್ಟು ದುಡ್ಡು ಸುರಿದು ತಂದ ಪರದೆ ಖಾಲಿ ಬಿದ್ದಿದೆಯಲ್ಲ ಅಂತ ನನಗೆ ಮುಜುಗರ. ವಿಎಲ್‌ಸಿಯಲ್ಲಿ 'ಎ' ಕೀಲಿ ಒತ್ತುತ್ತಾ ಹೋದರೆ ಚಿತ್ರ ಹಿಗ್ಗುತ್ತೆ, 'ಸಿ' ಒತ್ತುತ್ತಾ ಹೋದರೆ ಕತ್ತರಿಸುತ್ತೆ. ಮೊದಲು ಹಿಗ್ಗಿಸಿದೆ. ತೆಳ್ಳಗೆ ಉದ್ದಕ್ಕಿದ್ದ ವಿಷ್ಣುವರ್ಧನ್ ಒಂದೇ ಏಟಿಗೆ ಇಪ್ಪತ್ತು ಕೆಜಿ ದಪ್ಪ ಆದರು. ಅಪ್ಪ, "ಥೂ, ತೆಗಿ ಅದನ್ನ" ಅಂದರು. ಆಮೇಲೆ ಕತ್ತರಿಸಿದೆ. ಪರದೆ ತುಂಬಿತು. ನನಗೆ ಸಮಾಧಾನ ಆಯಿತು. ಓಬವ್ವನ ಭಾಗ ಬರುವ ತನಕ.

ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಅದು ಬಂಡೆಗಳ ನಡುವಿನ ಇಕ್ಕಟ್ಟು ಸಂದಿ. ಒಬ್ಬೊಬ್ಬರೇ ನುಸುಳಬೇಕು. ಹೈದರಾಲಿಯ ಸೈನಿಕರನ್ನು ಒಬ್ಬ ಹೆಂಗಸು ತಡೆಯಲು ಆದದ್ದೇ ಜಾಗ ಅಗಲ ಇಲ್ಲದ್ದರಿಂದ. ಅವಳ ಕೈಯಲ್ಲಿದ್ದದ್ದು ಕತ್ತಿಯಲ್ಲ, ಒನಕೆ. ಅದು ಬೀಸುವ ಆಯುಧ ಅಲ್ಲ, ಎತ್ತಿ ಕುಟ್ಟುವ ಸಾಮಾನು. ಬಂಡೆ, ಬತೇರಿ, ಉಯ್ಯಾಲೆ ಕಂಬ, ಎತ್ತಿದ ಒನಕೆ, ನಮ್ಮ ದುರ್ಗದ್ದೆಲ್ಲ ನಿಂತ ಆಕಾರಗಳು. ಜಯಂತಿ ಒನಕೆ ಎತ್ತಿದಾಗ ನನ್ನ ಪರದೆಯಲ್ಲಿ ಒನಕೆಯ ತುದಿ ಮೇಲಿನ ಅಂಚಿನಾಚೆ ಹೋಗಿತ್ತು. 1.37ನ್ನು 2.39ಕ್ಕೆ ತುಂಬಿಸಬೇಕಾದರೆ ಚಿತ್ರದ 43% ಕತ್ತರಿಸಬೇಕು. ಹತ್ತಿರ ಹತ್ತಿರ ಅರ್ಧ. ಪುಟ್ಟಣ್ಣನವರು ನೋಡಿ ಇಟ್ಟ ಚೌಕಟ್ಟಿನಲ್ಲಿ ಅರ್ಧವನ್ನು ನಾನು ಒಂದು ಕೀಲಿ ಒತ್ತಿ ಬಿಸಾಡಿದ್ದೆ. ಯಾಕೆ? ಮಾನಿಟರ್ ಖಾಲಿ ಕಾಣಬಾರದು ಅಂತ.

ಈ ರೋಗ ನನ್ನೊಬ್ಬನದಲ್ಲ. 2018ರ ಜುಲೈನಲ್ಲಿ ಇದೇ ಸಿನಿಮಾವನ್ನು ಡಿಜಿಟಲ್ ಮಾಡಿ, ಸಿನಿಮಾಸ್ಕೋಪ್, 7.1 ಸೌಂಡ್ ಅಂತ ಮತ್ತೆ ಬಿಡುಗಡೆ ಮಾಡಿದರು. ಆ ಕೆಲಸವನ್ನು ಹಗುರವಾಗಿ ಮಾತಾಡಲಾರೆ. ಮಾಸಿದ ಪ್ರಿಂಟಿಗೆ ಬಣ್ಣ ಮರಳಿ ಬಂತು, ವಿಷ್ಣುವರ್ಧನ್ ಹೋದ ಮೇಲೆ ಬೆಳೆದ ಹುಡುಗರು ಥಿಯೇಟರಿನಲ್ಲಿ ಶಿಳ್ಳೆ ಹೊಡೆದು ರಾಮಾಚಾರಿಯನ್ನು ನೋಡಿದರು. ಅದು ಸಣ್ಣ ಮಾತಲ್ಲ. ನನ್ನ ತಕರಾರು ಒಂದೇ. ಬಣ್ಣ, ಶಬ್ದ ಸರಿ ಮಾಡುವುದು ದುರಸ್ತಿ. ಆಕಾರ ಬದಲಿಸುವುದು ದುರಸ್ತಿ ಅಲ್ಲ. ಚೌಕ ಚಿತ್ರವನ್ನು ಸ್ಕೋಪ್ ಮಾಡಲು ಗಣಿತದಲ್ಲಿ ಇರುವ ದಾರಿಗಳು ನಾನು ಒತ್ತಿದ ಕೀಲಿಗಳೇ: ಹಿಗ್ಗಿಸು, ಇಲ್ಲಾ ಕತ್ತರಿಸು, ಇಲ್ಲಾ ಎರಡನ್ನೂ ಅಷ್ಟಷ್ಟು ಮಾಡು. ಹಳೇ ಚಿತ್ರಕ್ಕೆ ಮರ್ಯಾದೆ ಕೊಡುವವರು ಪಕ್ಕದ ಕಪ್ಪನ್ನು ಹಾಗೇ ಬಿಡುವ ಧೈರ್ಯವನ್ನೂ ಮಾಡಬೇಕು.

ಅವತ್ತು ರಾತ್ರಿ ಕತ್ತರಿ ತೆಗೆದು, ಚಿತ್ರವನ್ನು ಅದರ ಆಕಾರಕ್ಕೆ ತಂದು, ಅದೇ ಭಾಗ ಮೊದಲಿಂದ ಹಾಕಿದೆ. "ಎರಡೂ ಕಡೆ ಜಾಗ ಸುಮ್ನೆ ವೇಸ್ಟ್ ಆಗ್ತಾ ಐತಲ್ಲಪ್ಪ" ಅಂದೆ. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ, "ಟಾಕೀಸಲ್ಲೂ ಸುತ್ತ ಕತ್ಲೆನೇ ಇರ್ತಿತ್ತು ಕಣೋ, ಸುಮ್ಕಿರು" ಅಂದರು.

ಇಲ್ಲಿ ಒಂದು ತಾಂತ್ರಿಕ ಮಾತು. ಆ ಕತ್ತಲೆ ಕತ್ತಲೆಯಾಗಿಯೇ ಕಾಣಬೇಕಾದರೆ ಮಾನಿಟರ್ ಕಪ್ಪನ್ನು ಕಪ್ಪಾಗಿ ತೋರಿಸಬೇಕು. ಸಾಮಾನ್ಯ ಐಪಿಎಸ್ ಪರದೆಯ ಕಾಂಟ್ರಾಸ್ಟ್ 1000:1ರ ಆಸುಪಾಸು, ರಾತ್ರಿ ಹೊತ್ತು ಕಪ್ಪು ಬೂದಿಯ ಹಾಗೆ ಕಾಣುತ್ತೆ. ವಿಎ ಪರದೆಯಲ್ಲಿ 3000:1ರ ಹತ್ತಿರ, ಕಪ್ಪು ಚೆನ್ನಾಗಿರುತ್ತೆ, ಆದರೆ ವೇಗದ ಗೇಮ್‌ಗಳಲ್ಲಿ ಕಪ್ಪು ಜಾಗದ ಹಿಂದೆ ಮಸಿ ಎಳೆದಂತೆ ಕಾಣಬಹುದು. ನನ್ನದು ವಿಎ. ಆ ಒಂದು ವಿಷಯದಲ್ಲಿ ಮಾತ್ರ ನನ್ನ ಆಯ್ಕೆ ಸರಿ ಇತ್ತು, ಅದೂ ಗೊತ್ತಿಲ್ಲದೆ.

ತಮ್ಮನಿಗೆ ಹೇಳಿದ್ದು ಇಷ್ಟು. 29 ಇಂಚಿನ ಅಲ್ಟ್ರಾವೈಡ್ ಬೇಡವೇ ಬೇಡ. ದಿನಾ ರೇಸ್ ಆಡಿ, ರಾತ್ರಿ ಸ್ಕೋಪ್ ಸಿನಿಮಾನೇ ನೋಡ್ತೀನಿ, ಗ್ರಾಫಿಕ್ಸ್ ಕಾರ್ಡಿಗೂ ದುಡ್ಡು ಐತೆ ಅನ್ನುವವನಾದರೆ 34 ತಗೋ. ಇಲ್ಲಾಂದ್ರೆ 27 ಇಂಚು, 2560×1440, 144 ಹರ್ಟ್ಸ್, ಎತ್ತರ ಇಳಿಸಿ ಏರಿಸುವ ಸ್ಟ್ಯಾಂಡ್ ಇರೋದು ಸಾಕು. ಅದಕ್ಕೂ ಕಾರ್ಡ್ ಸಾಲದಿದ್ದರೆ 24 ಇಂಚಿನ ಫುಲ್ ಎಚ್‌ಡಿ. ಮಿಕ್ಕಿದ್ದರಲ್ಲಿ ಒಂದು ಒಳ್ಳೆ ಯುಪಿಎಸ್ ತಗೋ, ನಿಮ್ಮ ಕಡೆ ಕರೆಂಟ್ ವಿಷಯ ನಾನು ಹೇಳಬೇಕಾಗಿಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಟೇಪ್ ಇರಲಿ, ಅಡ್ಡ ಅಳೆಯಬೇಡ, ಉದ್ದಕ್ಕೆ ಹಿಡಿ.

"ಆಯ್ತಣ್ಣ," ಅಂದ. "ಮತ್ತೆ ನಿನ್ನ 34 ಇಂಚಿಂದು ಮಾರ್ತೀಯಾ?"

ಮಾರಲ್ಲ. ಕೋಡ್ ಬರೆಯಲು ಎರಡು ಕಿಟಕಿ ಅಕ್ಕಪಕ್ಕ ಇಟ್ಟುಕೊಳ್ಳೋಕೆ ಅದು ಚೆನ್ನಾಗಿದೆ. ಮತ್ತೆ ಅಪ್ಪ ಈಗ ಭಾನುವಾರಕ್ಕೊಂದು ಹಳೇ ಪಿಚ್ಚರ್ ಹಾಕಿಸ್ಕೊಳ್ತಾರೆ.