ಕಿತ್ತೂರಿನ ಶೇತಸನದಿಗಳು: ಒಂದು ವಿಮರ್ಶೆ

ಕ್ರಿ. ಶ. 1824ನೆಯ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಹತನಾದನು. ಸ್ಟೀವನ್‌ಸನ್, ಎಲಿಯಟ್ ಎಂಬಿಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ಇದನ್ನು ಸಾಧಿಸಿದ ಬಲವನ್ನು ಈಚಿನ ಲೇಖಕರು ಒಟ್ಟಾರೆ 'ಕಿತ್ತೂರಿನ ಸೈನ್ಯ'ವೆಂದೂ, ಸಂಗೊಳ್ಳಿಯ ರಾಯಣ್ಣನನ್ನು ಅದರ 'ಸೇನಾಪತಿ'ಯೆಂದೂ ಬಣ್ಣಿಸುವುದುಂಟು. ಈ ಪ್ರಯೋಗವು ಗೌರವಾರ್ಥವಾದುದೆಂಬುದನ್ನು ಬಲ್ಲೆವು. ಆದರೂ ಇದರಿಂದ ವಸ್ತುಸ್ಥಿತಿಯು ಮರೆಯಾಗುವುದೆಂದೇ ನಮ್ಮ ಅಭಿಪ್ರಾಯ.

ರಾಯಣ್ಣನು ಶೇತಸನದಿ. ಶೇತವೆಂದರೆ ಹೊಲ, ಸನದೆಂದರೆ ಅದನ್ನು ಅನುಭವಿಸಲು ದೊರೆ ಕೊಟ್ಟ ಪತ್ರ. ಗ್ರಾಮವನ್ನು ಕಾಯುವುದು, ವಸೂಲಾದ ಹಣಕ್ಕೆ ಬೆಂಗಾವಲಾಗುವುದು, ಕರೆ ಬಂದಾಗ ಆಯುಧವನ್ನು ಹಿಡಿದು ಹೊರಡುವುದು—ಈ ಸೇವೆಗಳಿಗೆ ಹೊಲವೇ ಸಂಬಳ. ಕೋಟೆಯ ಕಾವಲುಭಟರ ಜೊತೆಗೆ ನಿಂತವರಲ್ಲಿ ಇಂಥವರು ಸೇರಿದ್ದರು. ಆ ಜೋಡಣೆಯು ಹೆಚ್ಚು ಕಾಲ ಬಾಳಲಿಲ್ಲ; ಡಿಸೆಂಬರದ ಮೊದಲ ವಾರದಲ್ಲಿ ಕೋಟೆಯು ಕುಂಪಣಿಯ ವಶವಾಯಿತು, ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ ಬಂಧಿತಳಾದಳು. ಕೂಲಿಯ ಸೈನ್ಯವಾಗಿದ್ದರೆ ಕಥೆಯು ಅಲ್ಲಿಗೇ ಮುಗಿಯಬೇಕಾಗಿತ್ತು. ಸಂಬಳ ನಿಂತ ಸಿಪಾಯಿಯು ಬೇರೊಬ್ಬ ಒಡೆಯನನ್ನು ಅರಸಿಕೊಂಡು ಹೋಗಬಲ್ಲನು. ಹೊಲವುಳ್ಳವನು ಎಲ್ಲಿಗೆ ಹೋದಾನು?

1884ರ ಬೆಳಗಾಂವಿ ಗ್ಯಾಝೆಟಿಯರಿನಲ್ಲಿ ಈ ಸಂಗತಿಗಳು ಬಂದಿವೆ. ಆದರೆ ಅದರ ದೃಷ್ಟಿಯು ಸರಕಾರದ್ದು. ರಾಯಣ್ಣನ ಏಳುವಿಕೆಯು ಅಲ್ಲಿ ಅಡಗಿಸತಕ್ಕ ಗಲಭೆಯಾಗಿ ತೋರುತ್ತದೆ. ನಮ್ಮ ನಾಟಕಕಾರರದು ಇದಕ್ಕೆ ವಿರುದ್ಧವಾದ ಅತಿರೇಕ. ಅವನ ಕೈಯಲ್ಲಿ ಖಡ್ಗವನ್ನಿಟ್ಟು ಹೊಲವನ್ನು ಕಸಿದುಕೊಂಡವರು ಇವರು! ಸನದಿನ ಭೂಮಿಗಳಲ್ಲಿ ಕೆಲವನ್ನು ಹೊಸ ಸರಕಾರವು ಕಿತ್ತುಕೊಂಡು, ಉಳಿದವುಗಳ ಮೇಲೆ ಭಾರವಾದ ತೆರಿಗೆಯನ್ನು ಹೇರಿದುದನ್ನು ಬಿಟ್ಟರೆ 1829-30ರ ದಂಗೆಯ ಕಾರಣವು ಅರ್ಧವೇ ತಿಳಿದಂತಾಗುವುದು. ದತ್ತಕಪುತ್ರನಾದ ಶಿವಲಿಂಗಪ್ಪನನ್ನು ಗಾದಿಗೆ ತರಬೇಕೆಂಬುದೂ ಕಾರಣವೇ ಹೌದು. ದೊರೆಯಿಲ್ಲದೆ ಸನದಿಗೆ ಆಧಾರವೆಲ್ಲಿ? ಎರಡೂ ಒಂದೇ ಬೇಡಿಕೆಯ ಎರಡು ಮುಖಗಳೆಂದು ನಮಗೆ ತೋರುತ್ತದೆ.

1830ರ ಆರಂಭದಲ್ಲಿ ಬಂಡುಗಾರರು ಬೀಡಿಯ ಕಚೇರಿಯನ್ನು ಸುಟ್ಟರೆಂಬ ವೃತ್ತಾಂತವನ್ನು ಈ ಬೆಳಕಿನಲ್ಲಿಯೇ ಓದತಕ್ಕದ್ದು. ಕಂದಾಯದ ಲೆಕ್ಕವಿರುವ ಎಡೆ ಅದು. ಹೊಲವನ್ನು ಕಳೆದುಕೊಂಡವನ ಕಣ್ಣು ಕೋಟೆಗಿಂತ ಮೊದಲು ಕಚೇರಿಯ ಮೇಲೆ ಬಿದ್ದುದರಲ್ಲಿ ಸೋಜಿಗವೇನು? ಇದು ನಮ್ಮ ಊಹೆಯೇ ಸರಿ. ಆ ವರ್ಷದ ಏಪ್ರಿಲಿನಲ್ಲಿ ರಾಯಣ್ಣನು ಸೆರೆಸಿಕ್ಕಿ, 1831ನೆಯ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟನು.