ಸಿಗ್ನಲ್, ಸಂಕೇತ, ಶಬ್ದ: ಒಂದು ಪರಿಭಾಷಾವಿಮರ್ಶೆ

ನಿಸ್ತಂತು ಸಂಪರ್ಕಕ್ಕೂ ಮಾಪನಯಂತ್ರಗಳಿಗೂ ಆಧಾರವಾದ ಶಾಸ್ತ್ರವನ್ನು ಕನ್ನಡದಲ್ಲಿ 'ಸಂಕೇತ ಸಂಸ್ಕರಣ'ವೆಂದು ಕರೆಯುವುದು ರೂಢಿಯಾಗಿದೆ. ಪದವು ಕಿವಿಗೆ ಇಂಪಾದುದೇ. ಆದರೆ ಪರಿಭಾಷೆಗೆ ಒರೆಗಲ್ಲು ಇಂಪಲ್ಲ. ಶಾಸ್ತ್ರವು ಬೇರ್ಪಡಿಸಿದುದನ್ನು ಅದು ಬೇರೆಯಾಗಿ ಉಳಿಸುವುದೇ ಎಂಬುದು. ಸಿಗ್ನಲ್, ಸಿಂಬಲ್, ಕೋಡ್ ಈ ಮೂರಕ್ಕೂ 'ಸಂಕೇತ'ವೊಂದನ್ನೇ ಪ್ರಯೋಗಿಸುವುದರಿಂದ ಈ ಪರೀಕ್ಷೆಯಲ್ಲಿ ಅದು ನಿಲ್ಲುವುದಿಲ್ಲವೆಂದು ನಮ್ಮ ಅಭಿಪ್ರಾಯ.

ಮುಂಬಯಿ ಮದರಾಸುಗಳ ರೈಲುಹಾದಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದುವು. ಆ ಹಾದಿ ಯಾದಗಿರಿಯ ಮೂಲಕ ಸಾಗುತ್ತದೆ. ತೋಳುಳ್ಳ ಸಿಗ್ನಲ್ ಕಂಬಕ್ಕೆ ಕನ್ನಡದಲ್ಲಿ 'ಕೈಮರ'ವೆಂಬ ಸೊಗಸಾದ ಹೆಸರುಂಟು. ಅದರ ತೋಳಿನ ಎರಡು ನಿಲುವುಗಳು ಸಂಕೇತಗಳು. ಯಾವ ನಿಲುವಿಗೆ ಯಾವ ಅರ್ಥವೆಂಬ ಕಟ್ಟಳೆ ಕೋಡು. ಮಂಜನ್ನೂ ಮಳೆಯನ್ನೂ ತೂರಿ, ಮಂಕಾಗಿ, ಚಾಲಕನ ಕಣ್ಣನ್ನು ಮುಟ್ಟುವ ಬೆಳಕು ಸಿಗ್ನಲ್. ನಿಸ್ತಂತುವಿನಲ್ಲಿಯೂ ಹೀಗೆಯೇ. ಹದಿನಾರು ಸಂಕೇತಗಳ ಪದ್ಧತಿಯಲ್ಲಿ ಒಂದೊಂದೂ 4 ಬಿಟ್‌ಗಳನ್ನು ಹೊರುತ್ತದೆ. ಆದರೆ ಆಂಟೆನಾಕ್ಕೆ ಬಂದು ತಾಕುವುದು ಆ ಹದಿನಾರರಲ್ಲಿ ಯಾವುದೊಂದೂ ಅಲ್ಲ. ಕ್ಷೀಣಿಸಿ ಕಲಬೆರಕೆಯಾದ ಅಲೆ. ಅದರಿಂದ ಇದನ್ನು ನಿರ್ಣಯಿಸುವುದೇ ಈ ಶಾಸ್ತ್ರದ ಮುಖ್ಯ ಕಾರ್ಯ. ಎರಡಕ್ಕೂ ಒಂದೇ ಹೆಸರಾದರೆ 'ಸಂಕೇತದಿಂದ ಸಂಕೇತವನ್ನು ಗುರುತಿಸುವುದು' ಎಂಬ ಅರ್ಥಶೂನ್ಯ ವಾಕ್ಯ ಉಳಿಯುತ್ತದೆ.

ನಾಯ್ಸ್ ಎಂಬುದಕ್ಕೆ 'ಶಬ್ದ'ವೆಂದು ಬರೆಯುವುದು ಇನ್ನೂ ಹಾನಿಕರ. ಕನ್ನಡದಲ್ಲಿ ಶಬ್ದವೆಂದರೆ ನಾದವೂ ಹೌದು, ಪದವೂ ಹೌದು. ದೂರವಾಣಿಯ ಮಾತಿನಿಂದ 'ಶಬ್ದವನ್ನು ನಿವಾರಿಸಿದರೆ' ಮಾತೇ ಉಳಿಯದು! ವಾಹಕದ ಉಷ್ಣತೆಯಿಂದ ಏಳುವುದೆಂದು ಜಾನ್ಸನ್ 1928ರಲ್ಲಿ ಪ್ರಕಟಿಸಿದ ವಿದ್ಯುತ್ತಿನ ಅಲುಗಾಟವು ಸ್ವತಃ ಕಿವಿಗೆ ಕೇಳತಕ್ಕುದಲ್ಲ. ಇದಕ್ಕೆ 'ಕ್ಷೋಭೆ'ಯೆಂಬುದು ಒಪ್ಪುವ ಮಾತು.

ಹಾಗೆಂದು ದೇಶ್ಯಪದವೆಲ್ಲವೂ ನಿರ್ದೋಷವೆಂದಲ್ಲ. ಸ್ಯಾಂಪಲ್ ಎಂಬುದಕ್ಕೆ ಉತ್ತರ ಕರ್ನಾಟಕದ ಧಾನ್ಯದ ಪೇಟೆಯ 'ವಾನಗಿ' ಒಡನೆ ನೆನಪಾಗುತ್ತದೆ. ಆದರೆ ವಾನಗಿಯ ಹಿಡಿಕಾಳು ಚೀಲದ ಗುಣವನ್ನು ಊಹಿಸಲು ಸಾಕೇ ಹೊರತು ಚೀಲಕ್ಕೆ ಸಮನಾಗದು. ಸಿಗ್ನಲಿನಲ್ಲಿ ಕಾಲಕ್ರಮವೇ ಜೀವಾಳ. ಅದರ ಅತ್ಯಧಿಕ ಆವರ್ತನದ ಇಮ್ಮಡಿಗಿಂತ ಹೆಚ್ಚು ವೇಗದಲ್ಲಿ ಸಮಾಂತರವಾಗಿ ಅಳೆದುಕೊಂಡರೆ ಅಳತೆಗಳಿಂದಲೇ ಮೂಲವನ್ನು ಪೂರ್ಣವಾಗಿ ಮರಳಿ ಕಟ್ಟಬಹುದು. 3400 ಹರ್ಟ್ಸ್‌ವರೆಗಿನ ದೂರವಾಣಿಯ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುವುದು ಇದರಿಂದಲೇ. ಅಳತೆ ವಿರಳವಾದರೆ ಸುಳ್ಳು ಹುಟ್ಟುತ್ತದೆ. ಸುರಪುರ ಸೀಮೆಯ ನಾರಾಯಣಪುರದಲ್ಲಿ ಕೃಷ್ಣೆಯ ಮಟ್ಟವು ದಿನಕ್ಕೊಮ್ಮೆ ಏರಿಳಿಯುವುದೆಂದು ಭಾವಿಸೋಣ. ಪ್ರತಿದಿನವೂ ಅದೇ ಗಳಿಗೆಯಲ್ಲಿ ನೋಡುವವನಿಗೆ ಹೊಳೆ ಅಲುಗದೆ ನಿಂತಂತೆಯೇ ತೋರುವುದು. ಆದುದರಿಂದ ವಾನಗಿಗಿಂತ 'ಕಾಲಬಿಂದು'ವೆಂಬುದು ಲೇಸು.

ಇದು ಬರಿಯ ಪದಗಳ ಜಗಳವಲ್ಲ. ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಸಮ್ಮತಿಯಿತ್ತಿತು. ಶಹಾಪುರದ ಕನ್ನಡ ಶಾಲೆಯಲ್ಲಿ ಓದಿದ ವಿದ್ಯಾರ್ಥಿ ಈ ಪದಗಳನ್ನು ನಂಬಿಯೇ ಶಾಸ್ತ್ರವನ್ನು ಪ್ರವೇಶಿಸಬೇಕು. ಮೂರು ವಸ್ತುಗಳಿಗೆ ಒಂದು ಹೆಸರನ್ನಿತ್ತರೆ ಅವನು ಎಡವುವುದು ಬುದ್ಧಿಮಾಂದ್ಯದಿಂದಲ್ಲ, ನಮ್ಮ ಅಲಕ್ಷ್ಯದಿಂದ. ತಪ್ಪು ಮಾತ್ರ ಅವನ ತಲೆಗೂ ಕನ್ನಡದ ತಲೆಗೂ ಬೀಳುವುದು. 'ಸಂಕೇತ'ವು ಸಿಂಬಲ್ಲಿಗೆ ಮೀಸಲಾಗಲಿ. ರೈಲಿನೊಡನೆ ಬಂದು ಜನರ ಬಾಯಲ್ಲಿ ಪಳಗಿದ 'ಸಿಗ್ನಲ್' ತನ್ನ ಹೆಸರಿನಲ್ಲಿಯೇ ಇರಲಿ. 'ಕೋಡ್' ಕೂಡ ಹಾಗೆಯೇ. ಪರಭಾಷೆಯ ಪದವನ್ನು ತರುವುದರಿಂದ ಭಾಷೆ ಬಡವಾಗದು. ಭೇದವನ್ನು ಅಳಿಸುವುದರಿಂದ ಬಡವಾದೀತು.