ಗಾಜಾದ ಹೆಬ್ಬಾಗಿಲು

ಶೋಕಸಭೆಯ ಭಾಷಣವನ್ನು ಸಾಹಿತ್ಯವೆಂದು ಎಣಿಸುವ ರೂಢಿ ನಮ್ಮಲ್ಲಿಲ್ಲ. ಸತ್ತವರ ಗುಣಗಾನ ಮಾಡಿ, ಎರಡು ನಿಮಿಷ ಎದ್ದುನಿಂತು ಮನೆಗೆ ಬಂದರೆ ಆಯಿತು. ಮರುದಿನ ಅದು ಆಡಿದವರಿಗೇ ನೆನಪಿರುವುದಿಲ್ಲ. ಆದರೆ 1956ರ ಏಪ್ರಿಲ್ 30ರಂದು ಇಸ್ರೇಲಿನ ಸೇನಾಧಿಪತಿ ಮೋಶೆ ದಯಾನರು ಒಂದು ಹಳ್ಳಿಯ ಗೋರಿಯ ಮುಂದೆ ಆಡಿದ ಮಾತನ್ನು, ಅಚ್ಚಿನಲ್ಲಿ ಒಂದೆರಡು ಪುಟವೂ ಆಗದ ಆ ಮಾತನ್ನು, ಆ ದೇಶದವರು ಇಂದಿಗೂ ಓದುತ್ತಾರೆ. ನನಗೆ ಹೀಬ್ರೂ ಬಾರದು. ಇಂಗ್ಲಿಷಿನಲ್ಲಿ ಓದಿದವನ ಅಭಿಪ್ರಾಯವಿದು ಎಂಬುದನ್ನು ವಾಚಕರು ಮರೆಯಬಾರದು.

ನಹಲ್ ಓಜ್ ಎಂಬುದು ಗಾಜಾ ಗಡಿಗೆ ಅಂಟಿಕೊಂಡಿರುವ ಕಿಬ್ಬುತ್ಸ್, ಎಂದರೆ ಒಟ್ಟುಗೂಡಿ ಬೇಸಾಯ ಮಾಡುವವರ ಊರು. 1951ರಲ್ಲಿ ಸೈನಿಕರ ಬಿಡಾರವಾಗಿ ಹುಟ್ಟಿ, 1953ರಲ್ಲಿ ರೈತರ ನೆಲೆಯಾಯಿತು. ಏಪ್ರಿಲ್ 29ರಂದು ಅಲ್ಲಿಯ ಕಾವಲಿನ ಹೊಣೆ ಹೊತ್ತಿದ್ದ 21 ವರ್ಷದ ರೋಯಿ ರೋಟ್‌ಬರ್ಗ್, ಹೊಲಕ್ಕಿಳಿದು ಪೈರು ಕೊಯ್ಯುತ್ತಿದ್ದವರನ್ನು ಓಡಿಸಲು ಕುದುರೆಯೇರಿ ಹೋದ. ಹೊಂಚುಹಾಕಿದ್ದವರು ಅವನನ್ನು ಕೊಂದು, ಹೆಣವನ್ನು ಗಡಿಯಾಚೆಗೆ ಎಳೆದೊಯ್ದರು. ವಿಶ್ವಸಂಸ್ಥೆಯವರು ನಡುವೆ ಬಂದ ಮೇಲೆ ಮರಳಿದ ದೇಹ ಗುರುತು ಕೆಟ್ಟಿತ್ತು.

ಇಂಥ ಗೋರಿಯ ಮುಂದೆ ದಂಡಾಳು ಸೇಡಿನ ಶಪಥವನ್ನಲ್ಲದೆ ಮತ್ತೇನನ್ನು ಆಡಿಯಾನು? ದಯಾನರು ಕೊಂದವರನ್ನು ಈ ದಿನ ದೂರುವುದು ಬೇಡವೆಂದರು. ಎಂಟು ವರ್ಷಗಳಿಂದ ಅವರು ನಿರಾಶ್ರಿತರ ಶಿಬಿರಗಳಲ್ಲಿ ಕುಳಿತು, ತಮ್ಮ ಹಿರಿಯರ ನೆಲ ನಮ್ಮದಾಗುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದಾರೆ. ಅವರ ದ್ವೇಷಕ್ಕೆ ನಾವು ಬೆರಗಾಗುವುದೇಕೆ ಎಂಬುದು ಅವರ ಮಾತಿನ ಸಾರ. ನಮ್ಮ ವೀರಗಲ್ಲುಗಳನ್ನು ನೆನೆದುಕೊಳ್ಳಿ. ತುರು ಮರಳಿಸಿ ಮಡಿದವನನ್ನು ದೇವಕನ್ನೆಯರು ಕೊಂಡೊಯ್ಯುತ್ತಾರೆ. ತುರು ಹಿಡಿದವರ ಮನೆಯಲ್ಲಿ ಏನು ನಡೆದಿತ್ತೆಂದು ಕಲ್ಲು ಹೇಳುವುದಿಲ್ಲ. ದಯಾನರ ಕಲ್ಲು ಕೆಲವು ವಾಕ್ಯಗಳ ಮಟ್ಟಿಗಾದರೂ ಅದನ್ನು ಹೇಳುತ್ತದೆ. ಆ ಕೆಚ್ಚು ದೊಡ್ಡದು.

ಆದರೆ ಕಾರಣವನ್ನು ಬಿಚ್ಚಿ ತೋರಿಸಿದವರೇ ಮರುಕ್ಷಣ ಅದಕ್ಕೆ ವಿಧಿಯೆಂದು ಹೆಸರಿಟ್ಟುಬಿಡುತ್ತಾರೆ. ವಿಧಿಯೆಂದ ಮೇಲೆ ಕತ್ತಿ ಹಿಡಿದ ಕೈ ಸಡಿಲದಂತೆ ನೋಡಿಕೊಳ್ಳುವುದಲ್ಲದೆ ಬೇರೆ ಕೆಲಸ ಉಳಿಯದು. ಅದೇ ಏಪ್ರಿಲ್ 5ರಂದು, ಗಡಿಯ ಗುಂಡಿನ ಚಕಮಕಿಯ ನಡುವೆ, ಇಸ್ರೇಲಿನ ಗುಂಡುಗಳಿಗೆ ಗಾಜಾ ಪಟ್ಟಣದಲ್ಲಿ 50ಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು. ಎಂಟು ವರ್ಷದ ಹಿಂದಿನದನ್ನು ನೆನೆದ ನಾಲಗೆ, ಮೂರೂವರೆ ವಾರದ ಹಿಂದಿನದನ್ನು ಎತ್ತಲಿಲ್ಲ. ಅದು ವಿಧಿಯಲ್ಲ, ಆಜ್ಞೆ.

ಭಾಷಣದ ಮುಖ್ಯ ಪ್ರತಿಮೆ ಬೈಬಲಿನ ಸಂಸೋನನದು. ಆ ಮಹಾಬಲಶಾಲಿ ನಡುರಾತ್ರಿಯಲ್ಲಿ ಗಾಜಾದ ಹೆಬ್ಬಾಗಿಲನ್ನು ಕಂಬಸಮೇತ ಕಿತ್ತು ಹೆಗಲಮೇಲೆ ಹೊತ್ತು ಬೆಟ್ಟವೇರಿದನಂತೆ. ದಯಾನರು ಇದನ್ನು ತಲೆಕೆಳಗು ಮಾಡಿದ್ದಾರೆ: ಈ ತರುಣನ ಹೆಗಲಿಗೆ ಆ ಬಾಗಿಲಿನ ಭಾರ ಹೆಚ್ಚಾಯಿತು, ಅವನೆದೆಯ ಬೆಳಕೇ ಅವನನ್ನು ಕುರುಡು ಮಾಡಿತು. ಕುರುಡಿನ ಮಾತೂ ಅದೇ ಕಥೆಯದು. ಸಂಸೋನನ ಕಣ್ಣು ಕಿತ್ತು ಬೀಸುವ ಕೆಲಸಕ್ಕೆ ಹಚ್ಚಿದ್ದು ಗಾಜಾದಲ್ಲೇ. (1941ರ ಯುದ್ಧದಲ್ಲಿ ತಮ್ಮದೇ ಒಂದು ಕಣ್ಣು ಕಳೆದುಕೊಂಡವರು ದಯಾನರು.) ಕಥೆಯ ಕೊನೆಯನ್ನು ಮಾತ್ರ ಅವರು ಮುಟ್ಟುವುದಿಲ್ಲ. ಸಂಸೋನ ಕಂಬಗಳನ್ನು ನೂಕಿ, ಶತ್ರುಗಳ ಜೊತೆಗೆ ತಾನೂ ಅದೇ ಚಾವಣಿಯಡಿ ಸಾಯುತ್ತಾನೆ. ಗೋರಿಯ ಸುತ್ತ ನೆರೆದಿದ್ದ ಜನಕ್ಕೆ ಈ ಕಥೆ ಬಾಯಿಪಾಠವಾಗಿದ್ದೀತು. ಆಡದೆ ಬಿಟ್ಟ ಆ ಕೊನೆಯೇ, ನನಗೆ ತೋರುವ ಮಟ್ಟಿಗೆ, ಭಾಷಣದ ಅತ್ಯಂತ ಗಟ್ಟಿಯಾದ ದನಿ.

ಅದೇ ಊರಿನ ಪತ್ರಕರ್ತ ಅಮೀರ್ ಟಿಬೋನರು ಈ ಪ್ರತಿಮೆಯನ್ನೇ ಹೆಸರಾಗಿಸಿ 2024ರಲ್ಲಿ 'ದಿ ಗೇಟ್ಸ್ ಆಫ್ ಗಾಜಾ' ಎಂಬ ಪುಸ್ತಕ ಬರೆದರು. 2023ರ ಅಕ್ಟೋಬರ್ 7ರ ಸಂಜೆ ನಹಲ್ ಓಜ್ ತನ್ನ 70ನೆಯ ವರ್ಷದ ಹಬ್ಬ ಆಚರಿಸಬೇಕಿತ್ತು. ಬೆಳಿಗ್ಗೆಯೇ ಹಮಾಸ್ ಬಂದೂಕುಧಾರಿಗಳು ನುಗ್ಗಿದರು. ಅಂದು ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು, 251 ಮಂದಿ ಒತ್ತೆಯಾಳುಗಳಾದರು. ಆಮೇಲಿನ ಯುದ್ಧದಲ್ಲಿ ಗಾಜಾದೊಳಗೆ ಹತ್ತಾರು ಸಾವಿರ ಜನ ಅಳಿದರು. ಟಿಬೋನರು ಇದನ್ನು ವಿಧಿಯೆಂದು ಒಪ್ಪುವುದಿಲ್ಲ. ಯಾವ ನಾಯಕರ ಯಾವ ನಿರ್ಧಾರ ಇಲ್ಲಿಗೆ ತಂದಿತೆಂದು ಹೆಸರು ಹಿಡಿದು ಕೇಳುತ್ತಾರೆ. ಇತಿಹಾಸದ ಅಧ್ಯಾಯಗಳು ಒಮ್ಮೊಮ್ಮೆ ಪತ್ರಿಕೆಯ ವರದಿಯಂತಾಗುತ್ತವೆ. ಹೆಂಡತಿ, ಇಬ್ಬರು ಪುಟ್ಟ ಮಕ್ಕಳೊಡನೆ ಕತ್ತಲ ಕೋಣೆಯಲ್ಲಿ ಹತ್ತು ಗಂಟೆ ಕಳೆದು, ಟೆಲ್ ಅವೀವಿನಿಂದ ಹೊರಟ ತಮ್ಮ ತಂದೆ, ನಿವೃತ್ತ ಜನರಲ್, ಬರುವುದನ್ನೇ ಕಾದ ಪುಟಗಳಲ್ಲಿ ಅಂಥ ಸಡಿಲವಿಲ್ಲ.

ಅಲ್ಲಿ ಪುರಾಣದ ಹೆಬ್ಬಾಗಿಲು ಒಂದು ಕೋಣೆಯ ಕಬ್ಬಿಣದ ಕದವಾಗಿದೆ. ರಾಕೆಟ್ಟಿನಿಂದ ಕಾಪಾಡಲೆಂದು ಮಾಡಿದ ಕದ ಅದು. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಅದಕ್ಕೆ ಒಳಗಿನಿಂದ ಬೀಗ ಹಾಕುವ ಏರ್ಪಾಡೇ ಇರಲಿಲ್ಲ. ಜನ ಗಂಟೆಗಟ್ಟಲೆ ಹಿಡಿಕೆಯನ್ನು ಕೈಯಲ್ಲಿ ಬಿಗಿಹಿಡಿದು ನಿಂತಿದ್ದರು.